ಲೈಟಿನ ಕ್ಯಾಂಪಿಗೆ ಅಕ್ಕ ಬಂದದ್ದು

ನಿಂಬರ್ಗಾದ ಕ್ಯಾಂಪಿನಲ್ಲಿ ಹೆಂಗಸರ ಸಾಲಿನ ಕೊನೆಗೆ ನನ್ನ ಅಕ್ಕ ನಿಂತದ್ದು ಕಂಡಾಗ, ಅವಳೇ ಹೌದೋ ಅಲ್ಲವೋ ಎಂದು ಜೀಪಿನಿಂದ ಇಳಿದು ಹತ್ತಿರ ಹೋಗಿ ನೋಡಿದೆ. ಜ್ವರ ಬಂದರೂ ದವಾಖಾನೆಯ ಮೆಟ್ಟಿಲು ಹತ್ತದವಳು ಅವಳು. ಒಮ್ಮೆ ಚೇಳು ಕಡಿದಾಗ ಕಾಲಿಗೆ ಉಳ್ಳಾಗಡ್ಡಿ ತಿಕ್ಕಿಕೊಂಡು ಹೊಲಕ್ಕೆ ಹೋಗಿದ್ದಳು. ಅಂಥವಳು ಒಗೆದ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ತಾನಾಗಿಯೇ ಬಂದು ನಿಂತಿದ್ದಳು.

"ಯಾಕ ಅಕ್ಕಾ, ಏನರೇ ತ್ರಾಸ ಅದ ಏನು?" ಎಂದೆ.

"ಏನಿಲ್ಲೋ ತಮ್ಮಾ. ಎಲ್ಲಾರೂ ಬಂದಾರ, ನಾನೂ ಬಂದೇನಿ. ಬರಬಾರ್ದೇನು?"

"ನಾ ಎಷ್ಟ್ ಸಲ ಬಾ ಅಂದ್ರೂ ಬರಲಿಲ್ಲ. ಇವತ್ತ ಹೆಂಗ ಬಂದಿ ಅಂತ ಕೇಳಾಕತ್ತೇನಿ."

ಅವಳು ಸೆರಗನ್ನು ಸರಿಮಾಡಿಕೊಂಡು ದನಿ ಇಳಿಸಿದಳು. "ನಿಮ್ಮ ಲೈಟಿನ್ಯಾಗ ಒಳಗಿಂದೆಲ್ಲಾ ಕಾಣ್ತದಂತಲ್ಲ. ಖರೇ ಏನು?"

"ಖರೇನ."

"ಹಂಗಾರ ನೋಡ್ಲಿ ಬಿಡು."

ನಾನು ಆ ಕ್ಯಾಂಪಿನ ಜೀಪ್ ಡ್ರೈವರ್. ಮನೆ ಆಳಂದದಲ್ಲಿ. ಒಂದು ಸಂಸ್ಥೆಯವರು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ ಹೆಂಗಸರ ಎದೆಯ ತಪಾಸಣೆ ಮಾಡಿಸುತ್ತಾರೆ. ಊರು ಮುಟ್ಟಿದ ಮೇಲೆ ಶಾಲೆಯದೋ ಸಮುದಾಯ ಭವನದ್ದೋ ಒಂದು ಕೋಣೆ ಹುಡುಕಿ, ಕಿಟಕಿಗಳಿಗೆ ಕರಿ ಬಟ್ಟೆ ಹೊಡೆದು, ಬಾಗಿಲಿಗೆ ಎರಡು ಪದರ ಪರದೆ ಕಟ್ಟಿ, ಬ್ಯಾಟರಿ ಒಳಗಿಟ್ಟು ಹೊರಗೆ ಬರುವುದು ನನ್ನ ಕೆಲಸ. ಆಮೇಲೆ ಆ ಕೋಣೆಗೆ ಯಾವ ಗಂಡಸೂ ಹೋಗುವಂತಿಲ್ಲ. ನಾನೂ ಹೋಗುವುದಿಲ್ಲ.

ಯಂತ್ರ ದೊಡ್ಡದೇನಲ್ಲ. ಹಿಡಿಕೆ ಇರುವ ಒಂದು ದೀಪ, ಅದರಿಂದ ದಟ್ಟ ಕೆಂಪು ಬೆಳಕು ಬರುತ್ತದೆ. ಕತ್ತಲಲ್ಲಿ ಅದನ್ನು ಎದೆಯ ಕೆಳಗೆ ಒತ್ತಿ ಹಿಡಿದರೆ ಬೆಳಕು ಮಾಂಸದೊಳಗಿಂದ ಹಾದು ಮೇಲೆ ಕಾಣುತ್ತದೆ. ಕ್ಯಾಮೆರಾ ಅದರ ಚಿತ್ರ ತೆಗೆಯುತ್ತದೆ. ರಕ್ತ ಇದ್ದಲ್ಲಿ ಬೆಳಕು ಮುಂದೆ ಹೋಗುವುದಿಲ್ಲ, ರಕ್ತವೇ ಅದನ್ನು ಕುಡಿದುಬಿಡುತ್ತದೆ. ಆ ಜಾಗ ಕಪ್ಪಾಗಿ ಕಾಣುತ್ತದೆ. ಕೆಟ್ಟ ಗಂಟು ಬೆಳೆಯುವಾಗ ತನ್ನ ಸುತ್ತ ರಕ್ತ ಎಳೆದುಕೊಳ್ಳುತ್ತದಂತೆ. ಅದಕ್ಕೆ ಅದೂ ಕಪ್ಪು. ಇದನ್ನೆಲ್ಲ ನನಗೆ ತಿಳಿಸಿ ಹೇಳಿದ್ದು ನಮ್ಮ ಸಿಸ್ಟರ್. ಅವರು ಅಫಜಲಪುರ ತಾಲೂಕಿನ ಕರಜಗಿ ಕಡೆಯವರು, ಬೌದ್ಧರ ಮನೆಯವರು. ನರ್ಸಿಂಗ್ ಓದಿ ದೊಡ್ಡ ದವಾಖಾನೆಯಲ್ಲಿ ಕೆಲಸ ಮಾಡಿ ಬಂದವರು. ನನಗಿಂತ ಬಹಳ ಚಿಕ್ಕವರು, ಆದರೂ ನಾನು ಅವರಿಗೆ ಬಹುವಚನದಲ್ಲೇ ಮಾತಾಡುತ್ತೇನೆ, ಅವರು ನನಗೆ ಅಣ್ಣಾರ ಅನ್ನುತ್ತಾರೆ.

ಅವತ್ತು ಸಾಲಿನಲ್ಲಿ ನಗೆಚಾಟಿಕೆ ಜೋರಾಗಿತ್ತು. ಎಲೆ ಅಡಿಕೆ ಜಗಿಯುತ್ತಿದ್ದ ಒಬ್ಬ ಮುದುಕಿ, "ನಮ್ಮಂವ ಇಷ್ಟ ವರ್ಷ ಕತ್ತಲದಾಗ ತಡಕಾಡಿದ್ರೂ ಅಂವಗೇನೂ ಕಂಡಿಲ್ಲ, ಈ ಬ್ಯಾಟರಿಗಿ ಏನ್ ಕಾಣ್ತದ ಬೇ?" ಎಂದಳು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ನಾನು ಜೀಪಿನ ಟೈರು ನೋಡುವವನ ಹಾಗೆ ಆಚೆ ತಿರುಗಿದೆ.

"ನಿನ್ ಮನಸಿನ್ಯಾಗ ಇದ್ದದ್ದು ಕಂಡ್ರ ಏನ್ ಮಾಡ್ತಿ ಆಯಿ? ಸೊಸಿನ ಬೈದಿದ್ದೆಲ್ಲಾ ಫೋಟೋದಾಗ ಬರ್ತದ ನೋಡು," ಎಂದಳು ಇನ್ನೊಬ್ಬಳು.

ಪರದೆಯ ಹತ್ತಿರ ನಿಂತಿದ್ದ ಸಿಸ್ಟರ್, "ಮನಸಿಂದು ಬರಂಗಿಲ್ರಿ. ಬರಂಗಿದ್ರ ಈ ಮಷಿನ್ ಬಿಟ್ಟು ನಾನೇ ಮೊದಲ ಓಡಿ ಹೋಗ್ತಿದ್ನಿ," ಎಂದರು. ನಗು ನಿಂತ ಮೇಲೆ ಪ್ರತಿ ಊರಲ್ಲೂ ಹೇಳುವುದನ್ನು ಇಲ್ಲೂ ಹೇಳಿದರು. "ಇದು ಜರಡಿ ಇದ್ದಂಗ್ರಿ. ಇದರಾಗ ಕಪ್ಪ ಕಂಡಿದ್ದೆಲ್ಲಾ ಕ್ಯಾನ್ಸರ್ ಅಲ್ಲ. ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದ್ರೂ ಕಪ್ಪ ಕಾಣ್ತದ. ಖರೇ ಏನಂತ ಕಲಬುರಗ್ಯಾಗ ದೊಡ್ಡ ಮಷಿನ್‌ದಾಗ ನೋಡಿ, ಸೂಜಿ ಹಾಕಿದ ಮ್ಯಾಲೇ ಗೊತ್ತಾಗೂದು. ಲೈಟಿನ್ಯಾಗ ಏನೂ ಕಾಣದಿದ್ರೂ ಕೈಗಿ ಗಂಟು ಹತ್ತಿದ್ರ ಸುಮ್ಮ ಕೂಡಬ್ಯಾಡ್ರಿ."

ಅಕ್ಕ ಕೊನೆಗೆ ಒಳಗೆ ಹೋದಳು. ಬಹಳ ಹೊತ್ತಾಗಲಿಲ್ಲ, ಹೊರಗೆ ಬಂದಳು. ಅವಳ ಮುಖ ನೋಡಿ ನನಗೆ ಹಗುರಾಯಿತು. ತಂಬಿಗೆ ನೀರು ಇಸಿದುಕೊಂಡು ಕುಡಿದು, "ಕರಡಗಿ ಒತ್ತಿ ರಕ್ತ ಹೆಪ್ಪುಗಟ್ಟೇದಂತ, ಅಷ್ಟ," ಎಂದಳು. ಎಂದೂ ಇಲ್ಲದ್ದು, ಸಿಸ್ಟರ್ ಅವರನ್ನು ಊಟಕ್ಕೂ ಕರೆದಳು. "ರೊಟ್ಟಿ ಬಡದೇನಿ, ಪುಂಡಿಪಲ್ಯ ಅದ. ಉಂಡ ಹೋಗ್ರಿ." ಸಿಸ್ಟರ್ ಹೊತ್ತಾಯಿತೆಂದರು. ಅಕ್ಕ ಬಿರಬಿರನೆ ಮನೆಯ ಕಡೆ ಹೋದಳು.

ಕರಡಿಗೆ ಎಂದರೆ ಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಭರಣಿ. ನಮ್ಮ ಮನೆತನದಲ್ಲಿ ಎಲ್ಲರಿಗೂ ಲಿಂಗದೀಕ್ಷೆ ಆಗಿದೆ. ನಮ್ಮ ತಲೆಮಾರಿನ ಗಂಡಸರು ಅನೇಕರು ಅದನ್ನು ಗೋಡೆಯ ಮಾಡದೊಳಗೆ ಇಟ್ಟಿದ್ದೇವೆ. ಹೆಂಗಸರು ಹಾಗಲ್ಲ. ಅಕ್ಕನ ಕೊರಳಲ್ಲಿ ಅದು ಯಾವಾಗಲೂ ಇರುತ್ತಿತ್ತು. ರಾಶಿ ಮಾಡುವಾಗ, ಜಳಕ ಮಾಡುವಾಗ, ಹೆರಿಗೆಯಲ್ಲೂ. ಅದು ಒತ್ತಿ ಬಾವು ಬಂದಿರಬಹುದು ಎಂದರೆ ಯಾರಿಗೂ ಅನುಮಾನ ಬರುವಂಥದ್ದಲ್ಲ. ಮೂಟೆ ಹೊರುವವರಿಗೆ, ಕಣದಲ್ಲಿ ಬಗ್ಗಿ ಏಳುವವರಿಗೆ ಅದು ಆಗುವಂಥದ್ದೇ.

ಆಳಂದಕ್ಕೆ ಬರುವಾಗ ಸಿಸ್ಟರ್ ಇಷ್ಟೇ ಹೇಳಿದರು: "ಅಣ್ಣಾರ, ನಿಮ್ಮ ಅಕ್ಕಾರನ್ನ ಮಾದನಹಿಪ್ಪರಗಾ ಕ್ಯಾಂಪಿಗಿ ಕರ್ಕೊಂಡ ಬರ್ರಿ. ಬಾವು ಇಳದ ಮ್ಯಾಲ ಇನ್ನೊಮ್ಮಿ ನೋಡಬೇಕು. ಅವರಿಗೂ ಹೇಳೇನಿ."

ಆ ಕ್ಯಾಂಪಿಗೆ ಇನ್ನೂ ಮೂರು ವಾರ ಇತ್ತು. ಆ ದಿನ ನಾನು ಬೆಳಗ್ಗೆಯೇ ಫೋನ್ ಮಾಡಿದೆ. ತೊಗರಿ ಕೊಯ್ಲು ಹತ್ತಿದೆ, ಆಳು ಸಿಗುತ್ತಿಲ್ಲ, ಬರಲಿಕ್ಕೆ ಆಗುವುದಿಲ್ಲ ಎಂದಳು. ದನಿಯಲ್ಲಿ ಒಂದಿಷ್ಟೂ ಚಿಂತೆ ಇರಲಿಲ್ಲ. "ಆರಾಮ ಆಗೇನೋ ಮಾರಾಯ. ಇನ್ನೇನ್ ನೋಡ್ತಾರ?" ಎಂದಳು. ಮಧ್ಯಾಹ್ನ ಕ್ಯಾಂಪು ಮುಗಿಯುತ್ತಾ ಬಂದಾಗ ಸಿಸ್ಟರ್ ಹೊರಗೆ ಬಂದು ರಸ್ತೆ ನೋಡಿದರು. ಬಸ್ಸಿನಿಂದ ಯಾರೂ ಇಳಿಯಲಿಲ್ಲ. "ಅವರ ಬರಲಿಲ್ಲಂದ್ರ ನಾವ ಹೋಗೂನ್ರಿ," ಎಂದರು. ದಾರಿ ಸ್ವಲ್ಪ ಸುತ್ತು. ಆದರೂ ಜೀಪನ್ನು ನಿಂಬರ್ಗಾದ ಕಡೆ ತಿರುಗಿಸಿದೆ.

ಆ ಮನೆ ನನಗೆ ಅಕ್ಕನ ಮನೆ ಮಾತ್ರವಲ್ಲ. ನಮ್ಮ ಅಪ್ಪ ತೀರಿದ ಮೇಲೆ ನಾನು ಮಂದಿಯ ಎಮ್ಮೆ ಕಾಯುತ್ತಿದ್ದೆ. ಅಕ್ಕ ಮದುವೆಯಾಗಿ ನಿಂಬರ್ಗಾಕ್ಕೆ ಬಂದವಳು ಗಂಡನಿಗೆ ಹೇಳಿ ನನ್ನನ್ನು ಕರೆಸಿಕೊಂಡು ಶಾಲೆಗೆ ಹಾಕಿದಳು. ಒಂದನೇ ಇಯತ್ತೆಯಲ್ಲಿ ನಾನು ಕೂತರೆ ಹಿಂದಿನ ಹುಡುಗರಿಗೆ ಬೋರ್ಡು ಕಾಣುತ್ತಿರಲಿಲ್ಲ. ಅವರು ನನಗೆ ಮಾಮಾ ಅನ್ನುತ್ತಿದ್ದರು. ನಾಚಿಕೆಯಾಗಿ ಓಡಿ ಬಂದರೆ ಅಕ್ಕ ಕೈಹಿಡಿದು ಮತ್ತೆ ಶಾಲೆಯ ಅದೇ ಹಾಸುಗಲ್ಲಿನ ಮೇಲೆ ಕೂಡಿಸಿ ಹೋಗುತ್ತಿದ್ದಳು. ಹತ್ತನೆಯದನ್ನು ನಾನು ಲಗ್ನವಾದ ಮೇಲೆ ಪಾಸು ಮಾಡಿದೆ. ಅವಳಿಲ್ಲದಿದ್ದರೆ ಇವತ್ತಿಗೂ ನಾನು ಬಸ್ಸಿನ ಬೋರ್ಡು ಯಾರನ್ನಾದರೂ ಕೇಳಿ ಹತ್ತುವವನು.

ನಾವು ಹೋದಾಗ ಮಾವ, ಅಂದರೆ ಅಕ್ಕನ ಗಂಡ, ಹೊಲದಲ್ಲಿದ್ದ. ಅಕ್ಕ ಆಗತಾನೆ ಹೊಲದಿಂದ ಬಂದು ಕೈಕಾಲು ತೊಳೆದಿದ್ದಳು. ಸಿಸ್ಟರ್ ಅವರನ್ನು ಕಂಡು ಗಾಬರಿಯಾಗಲಿಲ್ಲ, ಚಹಾಕ್ಕೆ ಇಡಲು ಹೋದಳು. ಸಿಸ್ಟರ್ ಚಹಾ ಆಮೇಲೆ ಎಂದು ಅವಳ ಜೊತೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದರು. ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ಒಳಗಿನ ಮಾತು ಕೇಳಬೇಕೆಂದು ಕೂತದ್ದಲ್ಲ. ಆದರೆ ಆ ಮನೆಯಲ್ಲಿ ಒಳಗೆ ಮಾತಾಡಿದ್ದು ಹೊರಗೆ ಕೇಳುತ್ತದೆ.

"ಇದ ಏನ್ರಿ?" ಎಂದರು ಸಿಸ್ಟರ್. "ಇಷ್ಟ ಬಿಗದ ಕಟ್ಟೀರಲ್ಲ, ಉಸರಾಡ್ಲಿಕ್ಕಿ ಬರ್ತದೇನ್ರಿ ನಿಮಗ?"

"ರೂಢಿ ಆಗೇದ."

"ಅವತ್ತ ಕ್ಯಾಂಪಿನ್ಯಾಗ ಈ ಪಟ್ಟಿ ಇರಲಿಲ್ಲಲ್ಲ."

"ಬರೂ ಮೊದಲ ಬಿಚ್ಚೀನಿ. ಕೊರಳಾಗ ಬಿಟ್ಟಿದ್ನಿ."

"ಯಾವಾಗಿಂದ ಕಟ್ಟಾಕತ್ತೀರಿ?"

"ಹೋದ ವರ್ಷ ರಾಶಿ ಆದಾಗಿಂದ."

ನಾನು ಎದ್ದು ನಿಂತೆ, ಮತ್ತೆ ಕೂತೆ. ಏನು ಕಟ್ಟಿದ್ದಾಳೆ, ಯಾಕೆ ಕಟ್ಟಿದ್ದಾಳೆ ಒಂದೂ ತಿಳಿಯಲಿಲ್ಲ. ಕಡೆಗೆ ಸಿಸ್ಟರ್ ಬಾಗಿಲು ತೆರೆದು ಹೊರಗೆ ಬಂದರು. ಒಳಗೆ ತಿರುಗಿ ಅಕ್ಕನನ್ನೇ ಕೇಳಿದರು: "ಅಣ್ಣಾರಿಗಿ ನೀವ ಹೇಳ್ತೀರೋ, ನಾ ಹೇಳ್ಲೋ?"

"ಬಾರೋ ಒಳಗ," ಎಂದಳು ಅಕ್ಕ.

ಅವಳು ಸೆರಗು ಹೊದ್ದು ಕೂತಿದ್ದಳು. ಪಕ್ಕದಲ್ಲಿ ಹಳೆಯ ಧೋತರ ಹರಿದು ಮಾಡಿದ ಉದ್ದನೆಯ ಪಟ್ಟಿ ಸುರುಳಿಯಾಗಿ ಬಿದ್ದಿತ್ತು. ಕೈಯಲ್ಲಿ ಕರಡಿಗೆಯನ್ನು ಹಿಡಿದಿದ್ದಳು. ನನ್ನ ಕಡೆ ನೋಡದೆ, ತೊಗರಿಯ ಧಾರಣೆ ಹೇಳುವಷ್ಟು ಸಾದಾ ದನಿಯಲ್ಲಿ ಹೇಳತೊಡಗಿದಳು.

"ರಾಶಿ ಮುಗದ ದಿನ ಜಳಕ ಮಾಡುಮುಂದ ಕೈಗಿ ಗಂಟು ಹತ್ತಿತು. ಕಡ್ಲಿಕಾಳಷ್ಟ ಇತ್ತು. ಯಾರಿಗಿ ಹೇಳ್ಲಿ? ನಿಮ್ಮ ಮಾವಗ ಹೇಳೂ ಮಾತೇನು ಅದು? ಮೈಮ್ಯಾಲ ದೇವರ ಅದಾನ. ಇಷ್ಟ ವರ್ಷ ಸುಮ್ನ ಜೋತ ಬಿದ್ದಿ, ಇನ್ನ ಇಲ್ಲಿ ಕೂತ ಕೆಲಸ ಮಾಡು ಅಂದ್ನಿ. ಗಂಟಿನ ಮ್ಯಾಲೇ ಇಟ್ಟ ಕಟ್ಟೀನಿ. ಹಗಲಿ ರಾತ್ರಿ. ಕರಗಸ್ತಾನ ಅಂತ."

ಪಟ್ಟಿ ತುಳಿಯದಂತೆ ನಾನು ಹಿಂದೆ ಸರಿದೆ, ಅವಳು ಹೇಳುತ್ತಲೇ ಇದ್ದಳು.

"ಕ್ಯಾಂಪಿಗಿ ಯಾಕ ಬಂದ್ನಿ ಅಂತ ಅವತ್ತ ಕೇಳ್ದಿಲ್ಲ? ಕರಗೇದೋ ಇಲ್ಲೋ ನೋಡಿಸಬೇಕಿತ್ತು. ಸಿಸ್ಟರಮ್ಮ ಬಾವು ನೋಡಿ ಪೆಟ್ಟು ಬಿದ್ದದೇನು ಅಂದ್ರು. ಕರಡಗಿ ಒತ್ತೇದ್ರಿ ಅಂದ್ನಿ. ನಾ ಸುಳ್ಳೇನ ಹೇಳಿಲ್ಲ. ಹಂಗಾರ ರಕ್ತ ಹೆಪ್ಪುಗಟ್ಟಿರಬೇಕು ಅಂದ್ರು. ಗಂಟು ಹೋಗಿ ಖಾಲಿ ಬಾವು ಉಳದದ ಅಂತ ತಿಳ್ಕೊಂಡ್ನಿ. ಇಷ್ಟ ಮಾಡ್ಯಾನ, ಉಳದದ್ದೂ ಮಾಡ್ತಾನ ಅಂತ ಇನ್ನಷ್ಟ ಬಿಗದ ಕಟ್ಟೀನಿ."

ಆ ಪಟ್ಟಿಯನ್ನು ನೋಡುತ್ತ ನಿಂತೆ. ಅದು ಮಾವನ ಧೋತರ. ಅಂಚಿನ ಕೆಂಪು ದಾರ ಇನ್ನೂ ಹಾಗೇ ಇತ್ತು. ಎಷ್ಟು ಊರಿಗೆ ನಾನು ಆ ದೀಪ ಹೊತ್ತುಕೊಂಡು ಹೋಗಿದ್ದೆ. ಎಷ್ಟು ಕಿಟಕಿಗೆ ಕರಿ ಬಟ್ಟೆ ಹೊಡೆದಿದ್ದೆ. ನನ್ನ ಅಕ್ಕ ಅದೇ ದೀಪದ ಮುಂದೆ ನಿಂತು, ಅದು ತೋರಿಸಿದ ಕಪ್ಪನ್ನು ತನ್ನ ದೇವರ ಗುಣವೆಂದು ಓದಿಕೊಂಡು, ಖುಷಿಯಿಂದ ರೊಟ್ಟಿ ಉಣ್ಣಲು ಕರೆದಿದ್ದಳು. ಆ ಖುಷಿ ನೋಡಿ ನನಗೂ ಹಗುರಾಗಿತ್ತು. ದೀಪ ಸುಳ್ಳು ಹೇಳಿರಲಿಲ್ಲ. ಕಪ್ಪು ಇದೆ ಎಂದಷ್ಟೇ ಅದು ಹೇಳಿತ್ತು.

ಸಿಸ್ಟರ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. "ಅವತ್ತ ಲಿಂಗ ಆ ಜಾಗದ ಮ್ಯಾಲೇ ಇತ್ತು. ನಾ ಅದನ್ನ ಸರಸ್ರಿ ಅನ್ನಲಿಲ್ಲ. ಸುತ್ತ ಮುತ್ತ ಒತ್ತಿ ನೋಡಿದ್ನಿ, ಸುತ್ತ ಮುತ್ತ ಲೈಟ್ ಹಿಡದ್ನಿ," ಎಂದರು. ನನಗೆ ಹೇಳಿದರೋ ಅಕ್ಕನಿಗೋ ತಿಳಿಯಲಿಲ್ಲ. "ಒಮ್ಮಿ ಜೇವರ್ಗಿ ಕಡೆ ಒಂದ ಊರಾಗ ಒಬ್ಬ ಆಯಿದು ಲಿಂಗದ ಶಿವದಾರ ನನ್ನ ಬೆರಳಿಗಿ ತಾಕಿತ್ತು. ಯಾರ ಪೈಕಿ ಅಂತ ಜಾತಿ ಕೇಳಿದ್ರು. ಹೇಳಿದ್ನಿ. ಆಮ್ಯಾಲ ಆದ ಗದ್ದಲ ನನಗ ಗೊತ್ತು. ಅವತ್ತಿಂದ ಲಿಂಗ ಇದ್ದವರ ಎದಿಗಿ ನಾ ಜರಾ ದೂರಿಂದ ಕೈ ಹಚ್ತೇನಿ."

ಅಕ್ಕ ಅವರನ್ನು ದಿಟ್ಟಿಸಿ ನೋಡಿದಳು. "ಅವತ್ತ ನೀವ ಮುಟ್ಟಿದ್ರ ನಾನೂ ಬೈತಿದ್ನೇನೋ. ಖರೇ ಹೇಳ್ತೇನಿ," ಎಂದಳು.

ಸಿಸ್ಟರ್ ತಲೆಯಾಡಿಸಿದರು. ಸಿಟ್ಟಾಗಲಿಲ್ಲ. ಒಬ್ಬರು ಮರ್ಯಾದೆಗೆ ಮುಟ್ಟಲಿಲ್ಲ, ಒಬ್ಬರು ಮರ್ಯಾದೆಗೆ ಹೇಳಲಿಲ್ಲ, ನಡುವೆ ಗಂಟು ತನ್ನಷ್ಟಕ್ಕೆ ಬೆಳೆದಿತ್ತು. ಇವತ್ತು ಆ ಪಟ್ಟಿ ಬಿಚ್ಚಿದ ಮೇಲೆ ಅಕ್ಕನೇ ಲಿಂಗ ಸರಿಸಿದ್ದಳು, ಸಿಸ್ಟರ್ ಕೈಗೆ ಗಂಟು ಹತ್ತಿತ್ತು. ಬಾವಿನ ಅಡಿಯಲ್ಲಿ, ಗಟ್ಟಿಯಾಗಿ, ಕದಲದೆ ಕೂತಿತ್ತಂತೆ.

ಮಾವ ಬಂದ ಮೇಲೆ ಅವನಿಗೂ ಹೇಳಬೇಕಾಯಿತು. ಅವನು ಬಾರಕೋಲು ಕೈಯಲ್ಲಿ ಹಿಡಿದುಕೊಂಡೇ ಕೇಳಿದ. ಒಂದು ವರ್ಷದ ಮಾತು, ಒಂದೇ ಮನೆ, ಒಂದೇ ಕೋಣೆ. ಅವನಿಗೂ ಏನೂ ಗೊತ್ತಿರಲಿಲ್ಲ. "ನನ್ ಧೋತರ ಎಲ್ಲಿ ಹೋತು ಅಂತ ಕೇಳಿದ್ರ ಇಲಿ ಕಡದಾವ ಅಂದಿಲ್ಲ?" ಎಂದ. ಅಷ್ಟೇ ಅವನಿಗೆ ಹೊಳೆದದ್ದು.

ಕಲಬುರಗಿಗೆ ಹೋಗಬೇಕು ಎಂದಾಗ ಅಕ್ಕ ಒಪ್ಪಲಿಲ್ಲ. ಸೂಜಿಗೆ ಹೆದರಿ ಅಲ್ಲ. "ಅಲ್ಲಿ ಎಲ್ಲಾ ತಗದ ಬಾ ಅಂತಾರ. ಲಿಂಗ ಬಿಟ್ಟ ದಿನ ಜೀವ ಬಿಡಬೇಕಂತ ನಮ್ಮವ್ವ ಹೇಳ್ತಿದ್ಳು. ತಗಿಯಾಕಿ ಅಲ್ಲ ನಾ."

"ತಗೀಲಿಲ್ಲಂದ್ರ ಹೆಂಗೂ ಜೀವ ಬಿಡ್ತಿ," ಎಂದೆ. ನನ್ನ ದನಿ ನನಗೇ ಪರಕೀಯವಾಗಿತ್ತು. ಅಕ್ಕನ ಮುಂದೆ ನಾನು ಅಲ್ಲಿಯವರೆಗೆ ದನಿ ಏರಿಸಿದವನಲ್ಲ.

"ಬಿಟ್ರ ಬಿಡ್ತೇನಿ. ನಿನಗ ಶಾಲಿ ಕಲಿಸಿದ್ದಕ್ಕ ಇದನ್ನ ಹೇಳಾಕ ಬಂದೀ ಏನು?"

ಮಾತಾಡಿದವನು ಮಾವ. ಬಾರಕೋಲನ್ನು ಗೋಡೆಗೆ ಆನಿಸಿ, ನೆಲದ ಕಡೆ ನೋಡುತ್ತ ಹೇಳಿದ: "ಪೂಜಿಗಿ ಕುಂತಾಗ ಎಲ್ಲಿ ಇರ್ತದ ಅದು?"

"ಅಂಗೈಯಾಗ."

"ಆವಾಗ ಕೊರಳಾಗ ಇರ್ತದೇನು?"

ಅಕ್ಕ ತನ್ನ ಅಂಗೈ ನೋಡಿಕೊಂಡಳು.

"ಕೈಯೇನ್ ಮಂದೀದಾ? ಅಂಗೈಯಾಗ ಹಿಡ್ಕೊಂಡ ನಿಂದ್ರು. ಮೈ ಬಿಟ್ಟ ಎಲ್ಲಿ ಹೋಗ್ತದ?" ಎಂದ. ಅಷ್ಟು ಹೇಳಿ ದನಕ್ಕೆ ನೀರು ಕುಡಿಸುವ ನೆಪದಲ್ಲಿ ಹೊರಗೆ ಹೋಗಿಬಿಟ್ಟ. ಅವನು ಅಳುತ್ತಿದ್ದದ್ದು ನನಗೆ ಕಂಡಿತು. ಅಕ್ಕನಿಗೂ ಕಂಡಿತು. ಅವಳು ಹೂಂ ಅನ್ನಲಿಲ್ಲ, ಆದರೆ ಬೆಳಗಾದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಳು.

ಕಲಬುರಗಿಯ ದವಾಖಾನೆಯಲ್ಲಿ ಮೊದಲು ದೊಡ್ಡ ಮಷಿನ್ನು, ಆಮೇಲೆ ಸ್ಕ್ಯಾನು, ಆಮೇಲೆ ಸೂಜಿ. ಬೆಳ್ಳಿಯ ಕರಡಿಗೆ ನನ್ನ ಕೈಗೆ ಕೊಟ್ಟು, ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡು ಅಕ್ಕ ಒಳಗೆ ಹೋಗುತ್ತಿದ್ದಳು, ಹಾಗೇ ಹೊರಗೆ ಬರುತ್ತಿದ್ದಳು. ಯಾರೂ ಅದನ್ನು ಬಿಡು ಎನ್ನಲಿಲ್ಲವಂತೆ.

ಸೂಜಿಯ ರಿಪೋರ್ಟು ಬಂದ ದಿನ ಡಾಕ್ಟರ್ ನಮ್ಮಿಬ್ಬರನ್ನೂ ಕೂಡಿಸಿ ಕ್ಯಾನ್ಸರ್ ಎಂದರು. ಆ ಮಾತು ಕೇಳಲು ನಾನು ಎಷ್ಟು ದಿನದಿಂದ ತಯಾರಾಗಿದ್ದರೂ, ಕೇಳಿದಾಗ ಕಿವಿಯಲ್ಲಿ ಬರೀ ಫ್ಯಾನಿನ ಸದ್ದು ಉಳಿಯಿತು. ಎದೆ ತೆಗೆಯಬೇಕು, ಕಂಕುಳದ ಗಂಟುಗಳನ್ನೂ ತೆಗೆದು ಪರೀಕ್ಷೆಗೆ ಕಳಿಸಬೇಕು, ಆಮೇಲೆ ಔಷಧಿ ಎಂದು ಅವರು ಹೇಳುತ್ತಿದ್ದರು. ಅಕ್ಕ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ನಾ ಕಟ್ಟಿದ್ದಕ್ಕ ಬೆಳೀತೇನ್ರಿ ಇದು?"

ಡಾಕ್ಟರಿಗೆ ಸಿಸ್ಟರ್ ಎಲ್ಲ ತಿಳಿಸಿದ್ದರು. "ಇಲ್ಲಮ್ಮ. ಕಟ್ಟಿದ್ದರಿಂದ ಬೆಳೆದಿಲ್ಲ. ತಡ ಆಯ್ತು, ಅಷ್ಟೇ," ಎಂದರು.

ಆಪರೇಷನ್ನಿನ ದಿನ ಮತ್ತೆ ಲಿಂಗದ ಪ್ರಶ್ನೆ ಬಂತು. ಪ್ರಜ್ಞೆ ತಪ್ಪಿಸಿದ ಮೇಲೆ ಮುಷ್ಟಿ ನಿಲ್ಲುವುದಿಲ್ಲ. ಕೈಗೆ ಸಲೈನು, ಬೆರಳಿಗೆ ವೈರು. ಅರಿವಳಿಕೆಯ ಡಾಕ್ಟರು ಸ್ವಲ್ಪ ಯೋಚಿಸಿ, ಲೋಹದ್ದು ಯಾವುದೂ ಇರಬಾರದು, ಬರೀ ಲಿಂಗವಾದರೆ ಬಟ್ಟೆಯಲ್ಲಿ ಕಟ್ಟಿ ಕೂದಲಲ್ಲಿಡಿ, ಮೇಲೆ ಟೊಪ್ಪಿಗೆ ಹಾಕುತ್ತೇವೆ ಎಂದರು. ಅಕ್ಕ ತುರುಬು ಬಿಚ್ಚಿ, ಒಳಗೆ ಆ ಸಣ್ಣ ಬಟ್ಟೆಯ ಗಂಟನ್ನಿಟ್ಟು ಮತ್ತೆ ಬಿಗಿದಳು. ಅದರ ಮೇಲೆ ಹಸಿರು ಟೊಪ್ಪಿಗೆ ಹಾಕಿದರು. ತಳ್ಳುಗಾಡಿಯ ಮೇಲೆ ಮಲಗಿದವಳು ನನ್ನನ್ನು ನೋಡಿ, "ಮಾವಗ ಚಾ ಕುಡಸು," ಎಂದಳು.

ಮಾವನನ್ನು ಹಿಡಿದು ಕೂಡಿಸಲು ಆಗಲಿಲ್ಲ. ಗೇಟಿನವರೆಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಅವನು ಹೊರಗಿದ್ದಾಗಲೇ ಆಪರೇಷನ್ ಕೋಣೆಯ ಬಾಗಿಲು ಅರ್ಧ ತೆರೆಯಿತು. "ಪೇಷಂಟ್ ಕಡೆಯವರು ಯಾರದೀರಿ?" ಎಂದರು. ನಾನು ಎದ್ದೆ. ಒಳಗೆ ಕರೆದು ಚಪ್ಪಲಿ ಬಿಡಿಸಿದರು. ಅಕ್ಕನನ್ನು ತೋರಿಸುತ್ತಾರೆ ಎಂದುಕೊಂಡೆ. ಡಾಕ್ಟರ್ ಕೈಯಲ್ಲಿ ಸ್ಟೀಲಿನ ಟ್ರೇ ಇತ್ತು.

ತೆಗೆದದ್ದನ್ನು ಮನೆಯವರಿಗೆ ತೋರಿಸುವುದು ಅಲ್ಲಿನ ರೂಢಿಯಂತೆ. ನನಗೆ ಗೊತ್ತಿರಲಿಲ್ಲ. ಯಾರೂ ಮೊದಲು ಹೇಳಿರಲಿಲ್ಲ. ಹಳ್ಳಿ ಹಳ್ಳಿಯಲ್ಲಿ ಪರದೆ ಕಟ್ಟಿ, ಬೆನ್ನು ತಿರುಗಿಸಿ ಜೀಪಿನಲ್ಲಿ ಕೂತು, ಒಂದು ಸಲವೂ ಆ ಕೋಣೆಯ ಕಡೆ ಕಣ್ಣು ಹಾಯಿಸದವನು ನಾನು. ಈಗ ನನ್ನ ಮುಂದೆ, ಬಿಳಿ ಲೈಟಿನ ಕೆಳಗೆ, ನನ್ನ ಅಕ್ಕನ ಎದೆ ಇತ್ತು. ಮೇಲಿನ ಚರ್ಮ ಹಾಗೇ ಇತ್ತು, ಅವಳ ಕೈಯ ಬಣ್ಣವೇ. ಅದರ ಮೇಲೆ ಕರಡಿಗೆ ಒತ್ತಿದ ದುಂಡನೆಯ ಕಂದು ಗುರುತು ಇತ್ತು. ಡಾಕ್ಟರ್ ಅದನ್ನು ಮಗುಚಿ, ಕೊಯ್ದು ತೆರೆದ ಕಡೆ ಬೆರಳಿಟ್ಟರು. ಹಳದಿ ಕೊಬ್ಬಿನ ನಡುವೆ ಹಸಿ ಕೊಬ್ಬರಿಯಂತೆ ಬೆಳ್ಳಗೆ, ಗಟ್ಟಿಯಾಗಿ ಕೂತಿತ್ತು ಅದು. ದೀಪದಲ್ಲಿ ಕಪ್ಪಾಗಿ ಕಂಡದ್ದು ನಿಜದಲ್ಲಿ ಬಿಳಿ. ನನಗೆ ಆ ಹೊತ್ತಿನಲ್ಲಿ ತಲೆಯೊಳಗೆ ಬಂದದ್ದು ಇದೊಂದೇ. "ಪೂರ್ತಿ ಬಂದಿದೆ, ನೋಡಿದಿರಲ್ಲ?" ಎಂದರು. ನೋಡಿದೆ ಎಂದೆ. ಹೊರಗೆ ಬಂದೆ. ಮಾವ ಬಂದು ಏನಾಯಿತು ಎಂದು ಕೇಳಿದ. ಪೂರ್ತಿ ತೆಗೆದರಂತೆ ಎಂದಷ್ಟೇ ಹೇಳಿದೆ. ಚಪ್ಪಲಿ ಒಳಗೇ ಮರೆತಿದ್ದೆ, ಅದು ನೆನಪಾದದ್ದು ಸಂಜೆಗೆ.

ಮರುದಿನ ಅಕ್ಕ ಮಾತಾಡುವಷ್ಟಾದಳು. ಲಿಂಗ ಆಗಲೇ ಕೊರಳಿಗೆ ಬಂದಿತ್ತು, ಬಲಕ್ಕೆ ಸರಿಸಿ ಇಟ್ಟುಕೊಂಡಿದ್ದಳು. ಮಾವ ಊಟ ತರಲು ಹೋಗಿದ್ದ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಿನಗ ತೋರಿಸಿದ್ರಂತ ಹೌದಾ? ಬಾಜೂದಾಕಿ ಹೇಳಿದ್ಳು, ಮನಿಯವರಿಗಿ ತೋರಿಸ್ತಾರಂತ."

ನಾನು ತಲೆ ತಗ್ಗಿಸಿದೆ. ಅವಳು ಮುಖ ಆಚೆ ತಿರುಗಿಸಿದಳು. ಎದ್ದು ಹೋಗಲೇ ಎಂದುಕೊಂಡೆ.

"ಎಷ್ಟ ಇತ್ತು?" ಎಂದಳು, ಗೋಡೆಯ ಕಡೆಗೇ.

"ನೆಲ್ಲಿಕಾಯಿಗಿಂತ ದೊಡ್ಡದು."

"ಕರಗಿರಲಿಲ್ಲೇನು, ಒಂದೀಟೂ?"

ಏನಾದರೂ ಒಳ್ಳೆಯದು ಹೇಳಬೇಕೆಂದು ಬಾಯಿ ತೆರೆದೆ. ಆದರೆ ಅವಳು ಕ್ಯಾಂಪಿಗೆ ಬಂದದ್ದೇ ಇದನ್ನು ಕೇಳಲಿಕ್ಕೆ, ಅವತ್ತು ಅವಳಿಗೆ ಸರಿಯಾದ ಉತ್ತರ ಸಿಕ್ಕಿರಲಿಲ್ಲ.

"ಇಲ್ಲ ಅಕ್ಕಾ. ಕರಗಿರಲಿಲ್ಲ."

ಅವಳು ಹೂಂ ಎಂದಳು. ಕಣ್ಣು ಮುಚ್ಚಿಕೊಂಡಳು. ನಿದ್ದೆ ಹತ್ತಿತು ಎಂದುಕೊಂಡಾಗ ಮತ್ತೆ ಮಾತಾಡಿದಳು. "ಕಂಕಳದ್ದು ಯಾವಾಗ ಹೇಳ್ತಾರ?"

"ಬರೂ ವಾರ."

"ಹರಡಿದ್ರ?"

"ಗೊತ್ತಿಲ್ಲ ಅಕ್ಕಾ. ಔಷಧ ಅದಾವಂತ."

"ಆ ಹುಡುಗಿಗಿ ಫೋನ್ ಹಚ್ಚು," ಎಂದಳು. ಸಿಸ್ಟರ್ ಅವರನ್ನು ಅವಳು ಹಾಗೆ ಕರೆದದ್ದು ಅದೇ ಮೊದಲು. ಅಂದು ಅವರು ಅಫಜಲಪುರದ ಕಡೆ ಕ್ಯಾಂಪಿನಲ್ಲಿದ್ದರು, ಬೇರೆ ಡ್ರೈವರ್ ಜೊತೆ. ಫೋನನ್ನು ಅಕ್ಕನ ಬಾಯಿಯ ಹತ್ತಿರ ಹಿಡಿದೆ.

"ನಾನ್ರಿ. ಹೂಂ, ಆರಾಮ ಅದೇನಿ. ಕೇಳ್ರಿಲ್ಲಿ. ಲಿಂಗ ಇದ್ದಾಕಿ ಯಾರೇ ಬರ್ಲಿ, ಸರಸಿ ನೋಡ್ರಿ. ಅಡ್ಯಾಗ ಏನದ ಅಂತ ಕೈ ಹಚ್ಚಿ ನೋಡ್ರಿ. ಯಾರರೇ ಬೈದ್ರ, ನಿಂಬರ್ಗಾದಾಗ ಒಬ್ಬಾಕಿ ಅದಾಳ, ಆಕಿನ್ನ ಹೋಗಿ ಕೇಳ್ರಿ ಅಂತ ಹೇಳ್ರಿ."

ಆ ಕಡೆಯಿಂದ ಹೆಂಗಸರ ಗದ್ದಲ ಕೇಳಿಸಿತು, ಯಾರೋ ನಗುತ್ತಿದ್ದರು. ಆಮೇಲೆ ಸಿಸ್ಟರ್ ದನಿ ಬಂತು.

"ಕೇಳಿ ಸರಸ್ತೇನ್ರಿ ಅಕ್ಕಾರ. ಅವರ ಕೈಲೇ ಸರಸಿಸ್ತೇನಿ. ಆದ್ರ ನೋಡದೇ ಕಳಸಂಗಿಲ್ಲ."

"ಹಂಗ ಮಾಡ್ರಿ," ಎಂದು ಅಕ್ಕ ನನಗೆ ಫೋನ್ ತೆಗೆ ಎಂಬಂತೆ ಕೈ ಮಾಡಿದಳು.